ಹುಳಕ್ಕೆ ಹೊಡೆಯುವುದನ್ನು ‘ಔಷಧಿ’ ಅನ್ನುವುದು ಬಿಡಬೇಕಾ? ಮತ್ತೆ ಏನಂತ ಕರೆಯೋಣ?

ಮೆಣಸಿನಹೊಲ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾವು ಬ್ಯಾಡಗಿ ಕಡೆಯವರು, ನಾಲ್ಕು ಎಕರೆ ಹೊಲ, ಮೆಣಸಿನಕಾಯಿ ಮತ್ತು ಗೋವಿನಜೋಳ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೋದ ತಿಂಗಳಿಂದ ನನ್ನ ತಲೆಯಿಂದ ಹೋಗುತ್ತಿಲ್ಲ.

ಮನೆಯಲ್ಲಿ ಒಂದು ಕರು ಇದೆ. ಅದಕ್ಕೆ ಬೇಧಿ ಹತ್ತಿತ್ತು. ಅಮ್ಮ ಬೆಳಿಗ್ಗೆ "ಕರಕ್ಕ ಔಷಧ ಕುಡಿಸಬೇಕು" ಅಂದಳು. ಇದನ್ನು ಅಕ್ಕನ ಮಗ ಕೇಳಿಸಿಕೊಂಡಿದ್ದ, ಐದು ವರ್ಷದವನು. ಮಧ್ಯಾಹ್ನ ನೋಡಿದರೆ ಹುಡುಗ ದನದ ಕೊಟ್ಟಿಗೆಯಲ್ಲಿ ಕರುವಿನ ಬಾಯಿ ಹಿಡಿದು ನಿಂತಿದ್ದಾನೆ, ಕೈಯಲ್ಲಿ ಮೆಣಸಿನ ಗಿಡಕ್ಕೆ ಹೊಡೆಯುವ ಬಾಟಲಿ! ಮುಚ್ಚಳ ಅರ್ಧ ತಿರುವಿದ್ದ. ಅಮ್ಮ ಓಡಿಹೋಗಿ ಕಿತ್ತುಕೊಂಡಳು. ಕರುವಿಗೂ ಹುಡುಗನಿಗೂ ಏನೂ ಆಗಲಿಲ್ಲ. "ಯಾಕೋ ಹಿಂಗ್ ಮಾಡಿದಿ?" ಅಂತ ಅಕ್ಕ ಬೈದರೆ ಅವನು ಅಳುತ್ತಾ ಹೇಳಿದ್ದು, "ಅಜ್ಜನ ಔಷಧ ಅದು, ನೀವ ಅಂದಿದ್ರಿ."

ಅವನು ಹೇಳಿದ್ದು ನಿಜ. ನಾವೇ ಅಂದಿದ್ದೆವು. ದಿನಾ ಅನ್ನುತ್ತೇವೆ. "ಅಪ್ಪ ಔಷಧ ಹೊಡಿಯಾಕ ಹೋಗ್ಯಾನ", "ಔಷಧ ತಂದಿಯಾ?" ಅಂತ. ಒಮ್ಮೊಮ್ಮೆ ಎಣ್ಣಿ ಅಂತಲೂ ಅನ್ನುತ್ತೇವೆ. ಬಾಟಲಿ ಇರುತ್ತಿದ್ದದ್ದು ಅಪ್ಪನ ಬಿಪಿ ಮಾತ್ರೆ ಇರುವ ಅದೇ ಗೂಡಿನಲ್ಲಿ. ಎರಡೂ ಔಷಧವೇ ಅಲ್ವಾ, ಒಂದೇ ಕಡೆ ಇಟ್ಟಿದ್ದೆವು.

ಈಗ ನನ್ನ ಪ್ರಶ್ನೆ. ನಮ್ಮ ಸ್ವಸಹಾಯ ಸಂಘದ ಹೆಂಗಸರಲ್ಲಿ ಅರ್ಧ ಜನ ಕಳೆ ತೆಗೆಯುವ, ಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾರೆ. ಅವರಿಗಾಗಿ ಒಂದು ಹಾಳೆ ಬರೆಯುತ್ತಿದ್ದೇನೆ. ಹೊಡೆದ ಹೊಲಕ್ಕೆ ಯಾವಾಗ ಇಳಿಯಬೇಕು, ಕೈ ಹೇಗೆ ತೊಳೆಯಬೇಕು, ಇಷ್ಟೇ. ಮೊದಲ ಸಾಲಿಗೇ ನಿಂತುಬಿಟ್ಟೆ. ‘ಕೀಟನಾಶಕ’ ಅಂತ ನಮ್ಮೂರಲ್ಲಿ ಯಾರೂ ಬಾಯಲ್ಲಿ ಅನ್ನುವುದಿಲ್ಲ, ಅದು ಪುಸ್ತಕದ ಮಾತು. ‘ವಿಷ’ ಅಂತ ಬರೆದು ಅಪ್ಪನಿಗೆ ಓದಿ ಹೇಳಿದೆ, ಅವನು ಸಿಟ್ಟಾದ. "ಜನ ತಿನ್ನೋ ಮೆಣಸಿನಕಾಯಿಗೆ ನಾ ವಿಷ ಹಾಕತೀನಿ ಅಂತ ಬರಿತಿಯೇನು?" ಅಂದ. ಅವನ ನೋವು ನನಗೆ ಅರ್ಥವಾಗುತ್ತದೆ. ಹಾಗಾದರೆ ಏನಂತ ಬರೆಯಲಿ? ಪದ ಬದಲಿಸಿದರೆ ನಿಜವಾಗಿ ಏನಾದರೂ ಬದಲಾಗುತ್ತದಾ, ಅಥವಾ ಇದು ನನ್ನ ಭ್ರಮೆಯಾ?

ರಾತ್ರಿಪಾಳಿ ಬರೆದದ್ದು:

ಅಕ್ಕಾ, ಭ್ರಮೆ ಅಲ್ಲ. ನಾನು ತಾಲೂಕು ಮಟ್ಟದ ಒಂದು ಆಸ್ಪತ್ರೆಯಲ್ಲಿ ನರ್ಸ್, ಒಂಬತ್ತು ವರ್ಷ ಆಯಿತು. ಈ ಪದದ ಜೊತೆ ಪ್ರತಿ ಮಳೆಗಾಲವೂ ಗುದ್ದಾಡುತ್ತೇನೆ.

ರಾತ್ರಿ ಒಬ್ಬರನ್ನು ಹೊತ್ತುಕೊಂಡು ಬರುತ್ತಾರೆ. ಏನಾಯಿತು ಅಂದರೆ "ಔಷಧಿ ಕುಡಿದಿದ್ದಾನೆ" ಅನ್ನುತ್ತಾರೆ. ಹಳ್ಳಿಯಲ್ಲಿ ಬೆಳೆದವರಿಗೆ ಆ ಮಾತಿನ ಅರ್ಥ ತಕ್ಷಣ ಗೊತ್ತಾಗುತ್ತದೆ. ಆದರೆ ಪೇಟೆಯಲ್ಲಿ ಓದಿ ಹೊಸದಾಗಿ ಬಂದ ಒಬ್ಬ ಹುಡುಗಿ, ಪಾಪ, "ಯಾವ ಔಷಧಿ, ಯಾವ ಡಾಕ್ಟರ್ ಬರೆದುಕೊಟ್ಟಿದ್ದು, ಚೀಟಿ ಇದೆಯಾ?" ಅಂತ ಕೇಳುತ್ತಾ ನಿಂತಿದ್ದಳು. ಅವಳ ತಪ್ಪಲ್ಲ. ಭಾಷೆ ಹಾಗಿದೆ. ಹಾಗೆಯೇ "ಔಷಧಿ ಹೊಡೆದ ಮೇಲೆ ತಲೆ ಸುತ್ತು" ಅಂತ ಬಂದವರನ್ನು ಸುಮ್ನೆ ಬಿಸಿಲು ಬಡಿದಿದೆ ಅಂತ ಮಜ್ಜಿಗೆ ಕುಡಿಸಿ ಮಲಗಿಸಿ, ಕತ್ತಲಾದ ಮೇಲೆ ಕರೆತಂದದ್ದೂ ಇದೆ.

ನನಗೆ ಔಷಧಿ ಅನ್ನುವುದಕ್ಕಿಂತ ಜಾಸ್ತಿ ತೊಂದರೆ ಕೊಡುವ ಇನ್ನೊಂದು ಪದ ಇದೆ. ‘ಘಾಟು’. "ಔಷಧಿ ಘಾಟು ಹತ್ತಿತು" ಅನ್ನುತ್ತಾರೆ. ಘಾಟು ಅಂದರೆ ಮೂಗಿಗೆ ಬರುವುದು ಅಲ್ವಾ? ಒಗ್ಗರಣೆ ಘಾಟು, ಮೆಣಸಿನಕಾಯಿ ಘಾಟು. ಹಾಗಾಗಿ ಮೂಗಿಗೊಂದು ಟವೆಲ್ ಕಟ್ಟಿಕೊಂಡರೆ ಸಾಕು ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಹೊಡೆಯುವವರ ಮೈಗೆ ಇದು ಜಾಸ್ತಿ ಹೋಗುವುದು ಚರ್ಮದಿಂದ. ಬೆನ್ನ ಮೇಲಿನ ಟ್ಯಾಂಕ್ ಸೋರಿ ಅಂಗಿ ನೆನೆದಿರುತ್ತದೆ, ಆ ಅಂಗಿಯಲ್ಲೇ ನಾಲ್ಕು ತಾಸು ಇರುತ್ತಾರೆ, ಅದರಲ್ಲೇ ಊಟ ಮಾಡುತ್ತಾರೆ, ಬೆವರಿದ ಮೈ ಬೇರೆ. ಮೂಗಿಗೆ ಕಟ್ಟಿದ ಟವೆಲ್ಲೂ ನೆನೆದರೆ ಅದು ಬಾಯಿ ಹತ್ತಿರ ಇಟ್ಟುಕೊಂಡ ವಿಷದ ಬಟ್ಟೆಯೇ ಆಗುತ್ತದೆ. ವಾಸನೆ ಇಲ್ಲದ್ದು ಏನೂ ಮಾಡುವುದಿಲ್ಲ ಎಂಬ ನಂಬಿಕೆಯೂ ಈ ಒಂದು ಪದದಿಂದಲೇ ಬಂದಿದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಹಾಳೆಯಲ್ಲಿ ಇದನ್ನು ಬರೆಯಿರಿ: ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ ಆಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು. ಮೊನೊಕ್ರೋಟೊಫಾಸ್, ಪ್ರೊಫೆನೊಫಾಸ್ ಥರದ್ದು ಮೈಗೆ ಹತ್ತಿದರೆ ಹೀಗೆ ಆಗುತ್ತದೆ. ಇವು ನರಗಳು ಸಂದೇಶ ಕಳಿಸಿದ ಮೇಲೆ ಅದನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ, ಅದಕ್ಕೇ ಮೈ ಹತೋಟಿ ತಪ್ಪುತ್ತದೆ. ಇದಕ್ಕೆ ಅಟ್ರೋಪಿನ್ ಕೊಡುತ್ತೇವೆ, ಬೇಗ ಬಂದರೆ ಬದುಕಿಸಬಹುದು. ಬಟ್ಟೆ ಬಿಚ್ಚಿ ಸೋಪು ಹಚ್ಚಿ ಮೈ ತೊಳೆಯಿರಿ, ವಾಂತಿ ಮಾಡಿಸಲು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಬಾಟಲಿ ಅಥವಾ ಅದರ ಫೋಟೋ ತನ್ನಿ, ಅದಿಲ್ಲದೆ ನಾವು ಕತ್ತಲಲ್ಲಿ ಕೈಯಾಡಿಸುತ್ತಿರುತ್ತೇವೆ.

ಇನ್ನೊಂದು ಮಾತು. ‘ಹುಲ್ಲಿನ ಔಷಧಿ’ ಅಂತ ಮಾರುವ ಪ್ಯಾರಾಕ್ವಾಟ್ ಇದೆಯಲ್ಲ, ಅದು ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಹುಲ್ಲಿಗೆ ಹಾಕುವುದು ಮನುಷ್ಯರಿಗೆ ಏನು ಮಾಡೀತು ಅಂತ ಮನೆಯವರು ನನ್ನನ್ನು ಕೇಳುತ್ತಾರೆ. ಉತ್ತರ ಹೇಳುವುದು ಬಹಳ ಕಷ್ಟ.

ಗೊಬ್ಬರದಂಗಡಿ ಬರೆದದ್ದು:

ನಾನು ಕೃಷಿ ಡಿಪ್ಲೊಮಾ ಮುಗಿಸಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬೋರ್ಡಿನ ಮೇಲೂ ‘ಬೀಜ, ಗೊಬ್ಬರ, ಔಷಧಿ’ ಅಂತಲೇ ಇದೆ. ಬಂದವರು ಬೆಳೆಗೆ ‘ರೋಗ’ ಬಂದಿದೆ ಅನ್ನುತ್ತಾರೆ, ಎಲೆ ತೋರಿಸುತ್ತಾರೆ, ನಾವು ‘ಡೋಸ್’ ಹೇಳುತ್ತೇವೆ. ಪೂರ್ತಿ ಮಾತುಕತೆಯೇ ಡಾಕ್ಟರ್ ಹತ್ತಿರ ಹೋದ ಹಾಗೆ ಇರುತ್ತದೆ. ಹೀಗಿರುವಾಗ ಒಂದೇ ಪದ ಕಿತ್ತು ಹಾಕಿದರೆ ಸಾಲುತ್ತಾ ಅಂತ ನನಗೆ ಅನುಮಾನ. ಔಷಧಿ ಅಂದಮೇಲೆ ಒಂದು ಮುಚ್ಚಳ ಜಾಸ್ತಿ ಹಾಕಿದರೆ ಬೇಗ ಗುಣ ಆಗುತ್ತದೆ ಅನ್ನುವ ಲೆಕ್ಕವೂ ಬರುತ್ತದೆ. "ಪವರ್ ಇರೋದು ಕೊಡಿ" ಅಂತ ಕೇಳುತ್ತಾರೆ, ಪವರ್ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಆದರೂ ನಿಮ್ಮ ಪ್ರಶ್ನೆಗೆ ಉಪಯೋಗ ಆಗುವ ಒಂದು ವಿಷಯ ಹೇಳುತ್ತೇನೆ. ಪ್ರತಿ ಡಬ್ಬಿಯ ಲೇಬಲ್ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಇದು 1971ರ ಕೀಟನಾಶಕ ನಿಯಮಗಳಲ್ಲಿ ಬಂದದ್ದು. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪಿನ ಮೇಲೆ ತಲೆಬುರುಡೆಯ ಚಿತ್ರ ಮತ್ತು ‘ವಿಷ’ ಅನ್ನುವ ಪದ. ಹಳದಿಗೂ ‘ವಿಷ’. ನೀಲಿಗೆ ‘ಅಪಾಯ’. ಹಸಿರಿಗೆ ‘ಎಚ್ಚರಿಕೆ’. ಅಂದರೆ ಕೆಂಪು ಹಳದಿ ಡಬ್ಬಿಗಳನ್ನು ಕಾನೂನೇ ವಿಷ ಅಂತ ಕರೆದಿದೆ, ನಿಮ್ಮಪ್ಪನಿಗೆ ಇದನ್ನು ತೋರಿಸಿ. ಕೈಗೆ ಬಂದಾಗ ಡಬ್ಬಿ ಮೇಲೆ ವಿಷ, ಬಾಯಿಗೆ ಬಂದಾಗ ಔಷಧಿ.

ಇಲ್ಲೂ ಪದಗಳ ತೊಡಕು ಇದೆ. ಅಪಾಯ, ಎಚ್ಚರಿಕೆ ಇವೆರಡರಲ್ಲಿ ಯಾವುದು ದೊಡ್ಡದು ಅಂತ ಹತ್ತು ರೈತರನ್ನು ಕೇಳಿ ನೋಡಿ. ಕರೆಂಟ್ ಕಂಬದ ಮೇಲೂ ಅಪಾಯ ಅಂತಲೇ ಬರೆದಿರುತ್ತದೆ. ನೀಲಿ ಅಂದರೆ ಮಧ್ಯಮ ಅಂತ ಆ ಪದದಿಂದ ಯಾರಿಗೂ ತಿಳಿಯುವುದಿಲ್ಲ. ಹಸಿರು ಇನ್ನೂ ಕಷ್ಟ. ಬಿಸ್ಕತ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಹಸಿರು ತ್ರಿಕೋನ ನೋಡಿ "ಇದು ಸಾವಯವ ಅಲ್ವಾ ಸರ್" ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಸಾವಯವ ಅಲ್ಲ. ಆ ಬಣ್ಣ ಕೊಡುವುದು, ಇಲಿಗಳಿಗೆ ಒಂದೇ ಸಲ ತಿನ್ನಿಸಿದಾಗ ಅರ್ಧದಷ್ಟು ಇಲಿ ಸಾಯಲು ಮೈತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಅನ್ನುವ ಲೆಕ್ಕದ ಮೇಲೆ. ಕೆಂಪಿಗೆ 50ರ ಒಳಗೆ, ಹಳದಿಗೆ 500ರ ತನಕ, ನೀಲಿಗೆ 5000ದ ತನಕ, ಅದರ ಮೇಲಿನದು ಹಸಿರು. ಇಪ್ಪತ್ತು ವರ್ಷ ದಿನಾ ಸ್ವಲ್ಪ ಸ್ವಲ್ಪ ಮೈಗೆ ಹತ್ತಿದರೆ ಏನಾಗುತ್ತದೆ ಅಂತ ಆ ಬಣ್ಣ ಹೇಳುವುದೇ ಇಲ್ಲ.

ನಿಮ್ಮ ಕಡೆಯ ‘ಎಣ್ಣಿ’ ಬಗ್ಗೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಸೇರಿತ್ತು. ಮೊದಲು ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರು ಅಂತ ಆಗ ವರದಿಯಾಗಿತ್ತು. ಖಾಲಿ ಡಬ್ಬಿ ತೊಳೆದು ಅಡುಗೆಮನೆಗೆ ತರುವವರು ನಮ್ಮಲ್ಲೂ ಇದ್ದಾರೆ. ಡಬ್ಬಿಯನ್ನು ಚುಚ್ಚಿ ತೂತು ಮಾಡಿ ಅಂತ ನಿಮ್ಮ ಹಾಳೆಯಲ್ಲಿ ಖಂಡಿತ ಸೇರಿಸಿ.

ಪಂಪುಹೆಗಲು ಬರೆದದ್ದು:

ಎಲ್ಲರೂ ಪದ ಪದ ಅಂತಿದ್ದೀರಿ. ನಾನು ಹೊಡೆಯುವ ಕೂಲಿಗೆ ಹೋಗುವವನು, ಟ್ಯಾಂಕಿಗೆ ಇಷ್ಟು ಅಂತ ದುಡ್ಡು. ನನ್ನ ಸ್ವಂತ ಹೊಲ ಇಲ್ಲ. ನಮಗೆ ಅದು ವಿಷ ಅಂತ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಸಂಜೆ ಕೈ ಉರಿಯುವಾಗ ಗೊತ್ತಾಗುತ್ತದೆ, ಯಾವ ಹಾಳೆಯೂ ಬೇಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ರಬ್ಬರ್ ಗ್ಲೌಸು, ದಪ್ಪ ಕೋಟು ಹಾಕಿಕೊಂಡು ಹದಿನೈದು ಟ್ಯಾಂಕ್ ಹೊಡೆದು ನೋಡಿ, ಆಮೇಲೆ ಮಾತಾಡಿ.

ಆದರೂ ಪದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬೆಲೆ ಇದೆ, ಅದು ಬೇರೆ ಕಡೆ ಇದೆ. ಹೊಲದ ಯಜಮಾನ "ನಾಳೆ ಔಷಧಿ ಹೊಡೆಯೋದಿದೆ ಬಾರೋ" ಅಂದರೆ ಅದು ಗೊಬ್ಬರ ಎರಚಿದ ಹಾಗೆ ಒಂದು ಕೆಲಸ, ಅದೇ ಕೂಲಿ. "ನಾಳೆ ವಿಷ ಹೊಡೆಯೋದಿದೆ" ಅಂತ ಅವರ ಬಾಯಲ್ಲಿ ಬಂದರೆ ನಾನು ಗ್ಲೌಸು ಕೇಳಬಹುದು, ಸೋಪು ಕೇಳಬಹುದು, ನೂರು ರೂಪಾಯಿ ಜಾಸ್ತಿ ಕೇಳಬಹುದು, ಗಾಳಿ ಜೋರಾಗಿದ್ದರೆ ಇವತ್ತು ಬೇಡ ಅನ್ನಬಹುದು. ಔಷಧಿಗೆ ಯಾರು ಇದನ್ನೆಲ್ಲ ಕೊಡುತ್ತಾರೆ? ಮೈ ಸರಿ ಇಲ್ಲದಿದ್ದರೆ "ಔಷಧಿಗೆ ಹೆದರತೀಯಾ" ಅಂತ ನಗುತ್ತಾರೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಹೊಡೆಯುತ್ತಾ 20ಕ್ಕೂ ಜಾಸ್ತಿ ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು, ಮೇಲಕ್ಕೆ ಹೊಡೆದದ್ದು ಮುಖದ ಮೇಲೇ ಬೀಳುತ್ತಿತ್ತು. ಸತ್ತವರಲ್ಲಿ ನನ್ನ ಥರ ಕೂಲಿಗೆ ಹೋದವರೂ ಇದ್ದರು. ಆಗ ಜಾಸ್ತಿ ಕೇಳಿಬಂದ ಮಾತು ಏನು ಗೊತ್ತಾ? ಅವರು ಮಾಸ್ಕ್ ಹಾಕಿರಲಿಲ್ಲ, ‘ನಿಷ್ಕಾಳಜಿ’ ಮಾಡಿದರು ಅಂತ. ಇದೂ ಒಂದು ಪದ. ಮಾರಿದ್ದು ಔಷಧಿ, ಸತ್ತಿದ್ದು ನಿಷ್ಕಾಳಜಿ. ನಡುವೆ ವಿಷ ಅನ್ನುವುದು ಎಲ್ಲಿ ಹೋಯಿತು?

ಅಕ್ಕಾ, ನಿಮ್ಮ ಹಾಳೆ ಹೊಲದ ಯಜಮಾನರಿಗೂ ಕೊಡಿ. ಬರೀ ಕೂಲಿಯವರಿಗೆ ಕೊಟ್ಟರೆ ಎಲ್ಲ ನಮ್ಮ ತಪ್ಪೇ ಅಂದ ಹಾಗೆ ಆಗುತ್ತದೆ.

ಗೇರುಗುಡ್ಡ ಬರೆದದ್ದು:

ನಾನು ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹತ್ತಿರದವಳು. ನಮ್ಮಲ್ಲಿ ಔಷಧಿ ಅಂತ ಕಡಿಮೆ, ‘ಮದ್ದು’ ಅನ್ನುವುದು. ಅಡಿಕೆಗೆ ಮದ್ದು ಬಿಡುವುದು, ಮನೆಯಲ್ಲಿ ಜ್ವರಕ್ಕೆ ಮದ್ದು, ಗದ್ದೆಗೆ ಮದ್ದು. ತುಳುವಿನಲ್ಲೂ ಎಲ್ಲಕ್ಕೂ ಒಂದೇ, ಮರ್ದ್. ಕನ್ನಡದಲ್ಲಿ ಮದ್ದು ಹಳೆಯ ಪದ. ಕೋವಿಗೆ ತುಂಬುವ ಪುಡಿಗೂ ಮದ್ದೇ, ಯಾರಿಗೋ ಊಟದಲ್ಲಿ ಕದ್ದು ಹಾಕುವುದಕ್ಕೂ ‘ಮದ್ದು ಹಾಕುವುದು’ ಅಂತಲೇ. ಹಾಗಾಗಿ ನಮ್ಮ ಹಿರಿಯರಿಗೆ ಅದು ಗುಣ ಮಾಡುವುದು ಮಾತ್ರ ಅಲ್ಲ, ಕೊಲ್ಲುವುದೂ ಹೌದು ಅಂತ ಗೊತ್ತಿತ್ತು. ನಮಗೆ ಆ ಎರಡನೇ ಅರ್ಥ ಮರೆತುಹೋಗಿದೆ. ನಮ್ಮಲ್ಲಿ ಮಾತ್ರ ಅಲ್ಲ, ತೆಲುಗಿನಲ್ಲಿ ಮಂದು, ತಮಿಳಿನಲ್ಲಿ ಮರುಂದು, ಹಿಂದಿಯಲ್ಲಿ ದವಾ, ಎಲ್ಲರೂ ಹೀಗೇ ಕರೆಯುತ್ತಾರೆ.

ನಾನು ಸಣ್ಣವಳಿದ್ದಾಗ ಗುಡ್ಡದ ಗೇರು ತೋಟದ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. "ಮದ್ದು ಬಿಡುತ್ತಾರೆ" ಅಂತ ನಾವು ಮಕ್ಕಳೆಲ್ಲ ಅಂಗಳಕ್ಕೆ ಓಡಿ ಮೇಲೆ ನೋಡುತ್ತಾ ನಿಲ್ಲುತ್ತಿದ್ದೆವು. ಮುಖಕ್ಕೆ ಹನಿ ಬೀಳುತ್ತಿತ್ತು. ಯಾರೂ ಒಳಗೆ ಕರೆಯಲಿಲ್ಲ, ಮದ್ದು ತಾನೇ. ಅದು ಎಂಡೋಸಲ್ಫಾನ್. ಗಡಿಯಾಚೆ ಕಾಸರಗೋಡಿನಲ್ಲಿ 1970ರ ದಶಕದಿಂದ 2000ದ ತನಕ ಬಿಟ್ಟರು. ಅಲ್ಲಿನ ಪಡ್ರೆ ಅನ್ನುವ ಊರಿನಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳನ್ನು ನೋಡಿ, ಇಷ್ಟು ಸಣ್ಣ ಊರಿನಲ್ಲಿ ಇಂಥ ಕಾಯಿಲೆ ಇಷ್ಟೊಂದು ಯಾಕೆ ಅಂತ ಕೇಳಿದವರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು.

ಈಗ ನಮ್ಮೂರಲ್ಲಿ ಅದನ್ನು ಯಾರೂ ಮದ್ದು ಅನ್ನುವುದಿಲ್ಲ. ‘ಎಂಡೋ’ ಅನ್ನುತ್ತಾರೆ, ಎಂಡೋ ಸಂತ್ರಸ್ತರು ಅನ್ನುತ್ತಾರೆ. ಆ ಪದ ಕೇಳಿದರೆ ಸಣ್ಣ ಮಕ್ಕಳೂ ಸುಮ್ಮನಾಗುತ್ತಾರೆ. ಆದರೆ ಉಳಿದದ್ದೆಲ್ಲ ಇವತ್ತಿಗೂ ಮದ್ದೇ! ಒಂದಕ್ಕೆ ಹೊಸ ಹೆಸರು ಬರಲು ನಮ್ಮ ಎಷ್ಟು ಮನೆಗಳು ಬೆಲೆ ತೆತ್ತವು ಅಂತ ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕನ್ನಡದಲ್ಲಿ ಒಂದು ಒಳ್ಳೆಯ ದಾರಿ ಆಗಲೇ ಇದೆ. ಇಲಿ ಪಾಷಾಣ. ಅದೂ ಅದೇ ಥರದ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದನ್ನು ಯಾರೂ ಮಾತ್ರೆ ಡಬ್ಬಿಯ ಪಕ್ಕ ಇಡುವುದಿಲ್ಲ, ಮುಟ್ಟಿದರೆ ಕೈ ತೊಳೆಯುತ್ತಾರೆ, ಮಕ್ಕಳಿಗೆ ಮೊದಲೇ ಹೇಳಿರುತ್ತಾರೆ. ಪಾಷಾಣ ಅನ್ನುವ ಹೆಸರೇ ಅರ್ಧ ಕೆಲಸ ಮಾಡುತ್ತದೆ. ಇಲಿ ಪಾಷಾಣ ತರುವವರನ್ನು ಯಾರೂ ಕೆಟ್ಟವರು ಅನ್ನುವುದೂ ಇಲ್ಲ. ‘ಹುಳದ ಪಾಷಾಣ’, ‘ಕಳೆ ಪಾಷಾಣ’ ಅಂತ ಬರೆದರೆ ನಿಮ್ಮ ತಂದೆಯವರಿಗೂ ಬೇಜಾರು ಆಗಲಿಕ್ಕಿಲ್ಲ, ಯಾರನ್ನು ಕೊಲ್ಲಲು ಅಂತ ಹೆಸರಿನಲ್ಲೇ ಇದೆ.

ಗೊಬ್ಬರದಂಗಡಿ ಬರೆದದ್ದು:

ಗೇರುಗುಡ್ಡ ಅವರೇ, ಪಾಷಾಣ ಚೆನ್ನಾಗಿದೆ. ಆದರೆ ಎಲ್ಲಕ್ಕೂ ಅದೇ ಹೆಸರು ಹಾಕಿದರೆ ಸುಣ್ಣ ಮತ್ತು ಮೈಲುತುತ್ತು ಸೇರಿಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವೂ ಪಾಷಾಣ, ಕೆಂಪು ತ್ರಿಕೋನದ ಬಾಟಲಿಯೂ ಪಾಷಾಣ ಆಗುತ್ತದೆ. ಮೈಲುತುತ್ತಿಗೂ ಕೈ ಕಣ್ಣು ಜೋಪಾನ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲವೂ ಒಂದೇ ಅನ್ನಿಸಿದರೆ ಸ್ವಲ್ಪ ದಿನಕ್ಕೆ ಆ ಪದಕ್ಕೂ ಕಿವಿ ಮರಗಟ್ಟುತ್ತದೆ. ಬಣ್ಣ ಸೇರಿಸಿ ಹೇಳಬಹುದಾ? "ಇವತ್ತು ಕೆಂಪು ಡಬ್ಬಿ ಹೊಡೆದಿದ್ದೇವೆ, ಈ ಹೊಲಕ್ಕೆ ಇಳಿಯಬೇಡಿ" ಅಂತ. ಓದಲು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ.

ರಾತ್ರಿಪಾಳಿ ಬರೆದದ್ದು:

ನಮಗೂ ಅದು ಸಹಾಯ. "ಹಳದಿ ಡಬ್ಬಿದು, ಹುಲ್ಲಿಗೆ ಹೊಡೆಯೋದು" ಅಂತ ಫೋನಿನಲ್ಲಿ ಹೇಳಿದರೂ ಸಾಕು, ಅವರು ಬರುವಷ್ಟರಲ್ಲಿ ತಯಾರಿ ಮಾಡಿಕೊಳ್ಳಬಹುದು. ಗುಳಿಗೆ ಅನ್ನುವುದನ್ನೂ ನೋಡಿ. ಕಾಳಿನ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಾಗಿದರೆ ವಿಷದ ಅನಿಲ ಬಿಡುತ್ತದೆ, ಅದನ್ನು ಮಲಗುವ ಮನೆಯಲ್ಲಿ ಇಡಲೇಬಾರದು. ಉತ್ತರ ಕರ್ನಾಟಕದಲ್ಲಿ ಜ್ವರಕ್ಕೂ ‘ಗುಳಿಗಿ’ ಅಂತಲೇ ಅಲ್ವಾ?

ಮೆಣಸಿನಹೊಲ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ನಮ್ಮಲ್ಲಿ ಎರಡಕ್ಕೂ ಗುಳಿಗಿ. ಪಂಪುಹೆಗಲು ಅಣ್ಣನ ಮಾತು ಓದಿ ಅರ್ಧ ದಿನ ಏನೂ ಬರೆಯಲು ಆಗಲಿಲ್ಲ. ನಮ್ಮ ಹೊಲಕ್ಕೂ ಕೂಲಿಗೆ ಹೊಡೆಯಲು ಬರುತ್ತಾರೆ, ಅವರಿಗೆ ಒಂದು ಸೋಪು ಇಟ್ಟವರಲ್ಲ ನಾವು. ಹಾಳೆಯನ್ನು ಎರಡು ಮಾಡುತ್ತಿದ್ದೇನೆ, ಮೊದಲನೆಯದು ಹೊಲದ ಯಜಮಾನರಿಗೆ: ಗ್ಲೌಸು, ಸೋಪು, ನೀರು ಕೊಡುವುದು ಯಾರ ಕೆಲಸ, ಗಾಳಿ ಇದ್ದರೆ ನಿಲ್ಲಿಸುವುದು ಯಾರ ಕೆಲಸ ಅಂತ.

ಅಪ್ಪನಿಗೆ ಬಾಟಲಿಯ ತ್ರಿಕೋನ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ನಮ್ಮದು ಹಳದಿ. ಮೂವತ್ತು ವರ್ಷದಿಂದ ಹೊಡೆಯುತ್ತಿದ್ದಾನೆ, ಆ ಬಣ್ಣಕ್ಕೆ ಅರ್ಥ ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಪಾಷಾಣ ಅನ್ನುವ ಮಾತಿಗೆ ಹೂಂ ಅಂದ. ಮರುದಿನ ಹಳೆಯ ಟ್ರಂಕಿಗೆ ಬೀಗ ಹಾಕಿಸಿ ಕೊಟ್ಟಿಗೆಯ ಆಚೆ ಇಟ್ಟ, ಮೇಲೆ ಸುಣ್ಣದಲ್ಲಿ ‘ಹುಳದ ಪಾಷಾಣ’ ಅಂತ ತಾನೇ ಬರೆದ. ಹುಡುಗನಿಗೂ ಕರೆದು ತೋರಿಸಿದ. ಆದರೂ ನಿನ್ನೆ ಫೋನಿನಲ್ಲಿ ಯಾರಿಗೋ "ಔಷಧ ತಗೊಂಡ್ ಬಾ" ಅಂದ, ಆಮೇಲೆ ನನ್ನ ಮುಖ ನೋಡಿ "ಪಾಷಾಣ ತಗೊಂಡ್ ಬಾ" ಅಂತ ತಿದ್ದಿದ.

ಇನ್ನೊಂದು ಉಳಿದಿದೆ. ಅಂಗಡಿಯವರು ‘ಟಾನಿಕ್’ ಅಂತ ಕೊಡುತ್ತಾರಲ್ಲ, ಗಿಡ ಚಿಗುರಲಿ ಅಂತ, ಅದನ್ನು ಇದರ ಜೊತೆಗೇ ಒಂದೇ ಟ್ಯಾಂಕಿಗೆ ಬೆರೆಸುತ್ತಾರೆ. ಹೆಂಗಸರು ಅದನ್ನು ಬರಿಗೈಯಲ್ಲೇ ಕಲಕುತ್ತಾರೆ, ಟಾನಿಕ್ ಅಲ್ವಾ ಅಂತ. ಗೊಬ್ಬರದಂಗಡಿ ಅವರೇ, ಅದಕ್ಕೆ ಹಾಳೆಯಲ್ಲಿ ಏನಂತ ಬರೆಯಲಿ? ಬರುವ ಶುಕ್ರವಾರ ಸಂಘದ ಸಭೆ ಇದೆ.